ಬಾಕ್ಸ್ ಸ್ವಂತದ್ದು, ಟ್ಯೂನ್ ಯಾರದ್ದು?



ಕರೆಂಟಿನಿಂದ ಹುಟ್ಟುವ ಕುಣಿತದ ಸಂಗೀತ ಎಂದ ಕೂಡಲೇ ಬೆಂಗಳೂರಿನ ಪಬ್ಬು, ಗೋವೆಯ ಕಡಲ ದಂಡೆ, ಟಿಕೆಟ್ಟಿಗೆ ಸಾವಿರಗಟ್ಟಲೆ ಕೊಡುವ ಐಟಿ ಹುಡುಗರು ಕಣ್ಣ ಮುಂದೆ ಬರುತ್ತಾರೆ. ನಮ್ಮ ಗಂಗಾವತಿ ಸೀಮೆಗೆ ಇದರಲ್ಲೇನು ಪಾಲು ಎಂದು ಕೇಳುವವರಿದ್ದಾರೆ. ಅಂಥವರು ಗಣೇಶನನ್ನು ಕಳಿಸುವ ರಾತ್ರಿ ಒಮ್ಮೆ ಶ್ರೀರಾಮನಗರಕ್ಕೆ ಬರಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ, ಕರಾವಳಿ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಹಬ್ಬಿದ ನೆಲ ಇದು. ಇಲ್ಲಿಯ ಮೆರವಣಿಗೆಯಲ್ಲಿ ತೆಲುಗು ಹಾಡು, ಉತ್ತರ ಕರ್ನಾಟಕದ ಜಾನಪದ ಹಾಡು, ಹಿಂದಿ ಹಾಡು ಒಂದರ ಬಾಲಕ್ಕೆ ಇನ್ನೊಂದು ಗಂಟು ಹಾಕಿಕೊಂಡು ಬರುತ್ತವೆ. ಗಂಟು ಹಾಕುವವನು ಲಾರಿಯ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ನಿಂತ ಇಪ್ಪತ್ತೆರಡು–ಇಪ್ಪತ್ಮೂರರ ಹುಡುಗ. ಕುಣಿಯುವವರಲ್ಲಿ ಅವನ ಹೆಸರು ಗೊತ್ತಿರುವವರು ಕಡಿಮೆ.

ಈ ಹುಡುಗನನ್ನು ಮುಂದಿಟ್ಟುಕೊಂಡೇ ನಾನು ಜಗತ್ತಿನ ದೊಡ್ಡ ದೊಡ್ಡ ಎಲೆಕ್ಟ್ರಾನಿಕ್ ಸಂಗೀತಗಾರರ ಬದುಕು ಮತ್ತು ಅವರ ಲೈವ್ ಷೋಗಳ ಮಾತು ಎತ್ತುತ್ತಿದ್ದೇನೆ. ಹರೆಯದಲ್ಲಿ ನಾನೂ ಮೈಕ್‌ಸೆಟ್ ಕಟ್ಟಿದವನು. ಅಹುಜಾ ಆಂಪ್ಲಿಫೈಯರ್, ಬೇವಿನ ಮರಕ್ಕೆ ಕಟ್ಟಿದ ಎರಡು ಹಾರ್ನ್, ಮದುವೆ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಭಕ್ತಿಗೀತೆ. ಆ ಕಾಲಕ್ಕೆ ಅದೇ ದೊಡ್ಡ ಸೌಂಡು. ಈಗಿನ ಹುಡುಗರ ಸರಂಜಾಮು ಕಂಡರೆ ನನ್ನದು ಗಿಲಕಿ.

ಸರಂಜಾಮು ಎಂದೆನಲ್ಲ, ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳಗಿನ ಸಾಲಿನಲ್ಲಿ ಬೇಸ್ ಬಾಕ್ಸ್, ಒಂದೊಂದರಲ್ಲಿ ಹದಿನೆಂಟು ಇಂಚಿನ ಎರಡೆರಡು ಸ್ಪೀಕರ್. ಅದರ ಮೇಲೆ ಉಳಿದ ಸದ್ದಿಗೆ ಟಾಪ್ ಬಾಕ್ಸ್. ಹಿಂದೆ ಆಂಪ್ಲಿಫೈಯರುಗಳ ರ‍್ಯಾಕ್, ಇನ್ನೊಂದು ಗಾಡಿಯಲ್ಲಿ ಜನರೇಟರ್. ಮೇಲೆ ಟ್ರಸ್ ಕಟ್ಟಿ ಶಾರ್ಪಿ ಲೈಟು, ಹೊಗೆಯ ಮಷಿನ್ನು, ಕಾಗದದ ಚೂರು ಹಾರಿಸುವ ಬ್ಲಾಸ್ಟರ್. ಎಲ್ಲಕ್ಕಿಂತ ಮೇಲೆ ಒಬ್ಬ ಹುಡುಗ ಬಿದಿರು ಗಳ ಹಿಡಿದು ಕೂತಿರುತ್ತಾನೆ; ಓಣಿಯಲ್ಲಿ ಜೋತುಬಿದ್ದ ವಯರು ಬಂದಾಗ ಎತ್ತಿ ಹಿಡಿದು ಗಾಡಿ ದಾಟಿಸುವುದು ಅವನ ಕೆಲಸ. ಲ್ಯಾಪ್‌ಟಾಪಿನವನು ಹೆಡ್‌ಫೋನಿನ ಒಂದು ಬಟ್ಟಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮುಂದಿನ ಹಾಡನ್ನು ಮೊದಲೇ ಕೇಳಿಕೊಳ್ಳುತ್ತಾನೆ. ಈಗ ನಡೆಯುತ್ತಿರುವ ಹಾಡಿನ ಪೆಟ್ಟಿಗೆ ಅದರ ಪೆಟ್ಟು ಕೂಡಿಸಿ, ಒಂದರ ಬೇಸ್ ಇಳಿಸಿ ಇನ್ನೊಂದರದ್ದು ಏರಿಸುತ್ತಾನೆ. ಕಣ್ಣು ಜನರ ಮೇಲೆ. ದವಾಖಾನೆ ಬಂದರೆ, ದರ್ಗಾ ಬಂದರೆ ಸೌಂಡ್ ಇಳಿಸಬೇಕು. ದಾಟಿದ ಮೇಲೆ ಎಲ್ಲಿ ಏರಿಸಿದರೆ ಹುಡುಗರು ಹಾರುತ್ತಾರೆ ಎಂಬುದು ಅವನಿಗೆ ಗೊತ್ತಿರಬೇಕು. ಯುರೋಪಿನ ಕ್ಲಬ್ಬಿನಲ್ಲಿ ಹೆಸರಾದ ಡಿಜೆ ಮಾಡುವುದೂ ಇದನ್ನೇ.

ಆದರೆ ನಮ್ಮ ಹುಡುಗರ ದುಡ್ಡೆಲ್ಲ ಬಾಕ್ಸಿಗೆ ಹೋಗುತ್ತಿದೆ. ಸಾಲ ಮಾಡಿ, ಕಂತು ಕಟ್ಟಿ, ಈ ವರ್ಷ ನಾಲ್ಕಿದ್ದರೆ ಬರುವ ವರ್ಷ ಎಂಟು. ಪಕ್ಕದೂರಿನವನು ಎಂಟು ತಂದರೆ ತಾನು ಹನ್ನೆರಡು. ಅಂಥ ಒಬ್ಬ ಹುಡುಗನಿಗೆ ನಾನು, ಸ್ವಂತ ಟ್ಯೂನ್ ಒಂದು ಮಾಡೋ ತಮ್ಮಾ ಅಂದೆ. ಅವನು ನಕ್ಕು, "ಕಾಕಾ, ಬಾಕ್ಸ್ ನೋಡಿ ಬಾಡಿಗಿ ಕೊಡ್ತಾರ. ಟ್ಯೂನ್ ನೋಡಿ ಯಾರ್ ಕೊಡ್ತಾರ ಹೇಳ್ರಿ?" ಎಂದ. ಮಾತು ಲೆಕ್ಕಕ್ಕೆ ಸರಿಯಾಗೇ ಇತ್ತು. ನಾನು ಆಗ ಸುಮ್ಮನಾದೆ. ಅವನಿಗೆ ಕೊಡಬೇಕಾದ ಉತ್ತರ ಗಂಗಾವತಿಯಲ್ಲಿಲ್ಲ, ಬೆಂಗಳೂರಿನಲ್ಲೂ ಇಲ್ಲ. ಬಲು ದೂರದ ಜಮೈಕಾದಲ್ಲಿದೆ.

ವೆಸ್ಟ್ ಇಂಡೀಸ್ ಕ್ರಿಕೆಟ್ ನೋಡುವವರಿಗೆ ಜಮೈಕಾ ಹೊಸದಲ್ಲ. 1950ರ ದಶಕದಲ್ಲಿ ಅದರ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಓಣಿಗಳಲ್ಲಿ, ವಾದ್ಯಗೋಷ್ಠಿ ಕರೆಸುವ ಶಕ್ತಿ ಇಲ್ಲದವರು ದೊಡ್ಡ ದೊಡ್ಡ ಸ್ಪೀಕರ್ ಕಟ್ಟಿ ಬಯಲಲ್ಲಿ ಕುಣಿಯುತ್ತಿದ್ದರು. ಅದಕ್ಕೆ ಸೌಂಡ್ ಸಿಸ್ಟಂ ಎಂದೇ ಹೆಸರು. ಕಾಕ್ಸನ್ ಡಾಡ್, ಡ್ಯೂಕ್ ರೀಡ್ ಎಂಬಿಬ್ಬರು ಅದರ ದೊಡ್ಡ ಮಾಲೀಕರು. ಅವರಲ್ಲೂ ಬಾಕ್ಸಿನ ಪೈಪೋಟಿ ಇತ್ತು. ಅದರ ಜೊತೆಗೆ ಇನ್ನೊಂದು ಪೈಪೋಟಿ, ಯಾರ ಹತ್ತಿರ ಯಾರಿಗೂ ಸಿಗದ ಹಾಡಿದೆ ಎನ್ನುವುದು. ಅಮೆರಿಕದಿಂದ ತರಿಸಿದ ರೆಕಾರ್ಡಿನ ಹೆಸರು ಎದುರಾಳಿಗೆ ತಿಳಿಯಬಾರದೆಂದು ನಡುವಿನ ಚೀಟಿಯನ್ನೇ ಕೆರೆದು ತೆಗೆಯುತ್ತಿದ್ದರು. ಆ ದಶಕದ ಕೊನೆಗೆ ಅವರಿಗೆ ಬೇಕಾದಂಥ ಹಾಡು ಅಮೆರಿಕದಿಂದ ಬರುವುದು ಕಡಿಮೆಯಾಯಿತು. ಆಗ ತಮ್ಮ ಓಣಿಯ ಹುಡುಗರನ್ನೇ ಕರೆದು ಹಾಡಿಸಿ, ರೆಕಾರ್ಡ್ ಮಾಡಿ, ರಾತ್ರಿ ತಮ್ಮದೇ ಬಾಕ್ಸಿನಲ್ಲಿ ಹಚ್ಚಿ ಜನ ಕುಣಿಯುತ್ತಾರೋ ಇಲ್ಲವೋ ನೋಡಿದರು. 1963ರಲ್ಲಿ ಡಾಡ್ ಸ್ಟುಡಿಯೋ ಒನ್ ಎಂಬ ಧ್ವನಿಮುದ್ರಣ ಕೇಂದ್ರವನ್ನೇ ತೆರೆದ. ಬಾಬ್ ಮಾರ್ಲೆಯ ತಂಡ ಮೊದಲಿಗೆ ಹಾಡಿದ್ದು ಅಲ್ಲಿ. ಬಾಡಿಗೆ ಸೌಂಡ್‌ನವನು ಸಂಗೀತದ ಕಂಪನಿ ಕಟ್ಟಿದ್ದು ಹೀಗೆ.

ಅದೇ ಊರಿನಲ್ಲಿ ಆಸ್ಬೋರ್ನ್ ರಡಾಕ್ ಎಂಬವನಿದ್ದ, ಕಿಂಗ್ ಟಬ್ಬಿ ಎಂದೇ ಪ್ರಸಿದ್ಧ. ಹೊಟ್ಟೆಪಾಡಿಗೆ ರೇಡಿಯೋ ರಿಪೇರಿ. ಸೌಂಡ್ ಸಿಸ್ಟಂಗಳ ಆಂಪ್ಲಿಫೈಯರ್ ಕಟ್ಟಿಕೊಡುತ್ತಾ, ಹಾಡಿನಿಂದ ದನಿಯನ್ನು ತೆಗೆದು, ಬೇಸ್ ಮತ್ತು ಡ್ರಮ್ಮನ್ನು ಮಾತ್ರ ಉಳಿಸಿ, ಅಲ್ಲಲ್ಲಿ ಪ್ರತಿಧ್ವನಿ ತುಂಬಿದ. ಡಬ್ ಎಂಬ ಬಗೆ ಹುಟ್ಟಿದ್ದು ಹಾಗೆ. ಇವತ್ತು ನಾವು ರೀಮಿಕ್ಸ್ ಎನ್ನುವುದರ ಬೇರಿನಲ್ಲಿ ಅವನ ಬೆವರಿದೆ. ಗಂಗಾವತಿಯ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಕೂತು ಕೈ ಸುಟ್ಟುಕೊಂಡವರಿಗೆ ಈ ಮಾತು ಕೇಳಿ ಖುಷಿಯಾಗಬೇಕು. ಕಿಂಗ್‌ಸ್ಟನ್ನಿನಿಂದ ಅಮೆರಿಕಕ್ಕೆ ಹೋದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹುಡುಗ, ಕೂಲ್ ಹರ್ಕ್ ಎಂಬ ಹೆಸರಿಟ್ಟುಕೊಂಡು, 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತನ್ನ ತಂಗಿಗಾಗಿ ಒಂದು ಪಾರ್ಟಿಗೆ ರೆಕಾರ್ಡ್ ಹಚ್ಚಿದ. ಹಿಪ್‌ಹಾಪಿನ ಹುಟ್ಟುಹಬ್ಬ ಆಚರಿಸುವವರು ಅದೇ ತಾರೀಖು ಹಿಡಿಯುತ್ತಾರೆ.

ಇನ್ನು ಯಂತ್ರಗಳ ಕಥೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ಡ್ರಮ್ ಯಂತ್ರ ಮಾಡಿತು, ಅದರ ಹಿಂದೆಯೇ ಟಿಬಿ-303 ಎಂಬ ಬೇಸ್ ಯಂತ್ರ. ಗಿಟಾರ್ ನುಡಿಸುವವರು ಒಬ್ಬರೇ ಅಭ್ಯಾಸ ಮಾಡುವಾಗ ಜೊತೆಗಿರಲಿ ಎಂಬುದು 303ರ ಉದ್ದೇಶ. ಕೊಳ್ಳುವವರಿಲ್ಲದೆ ಬೇಗ ನಿಂತೇ ಹೋಯಿತು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ್ದರಿಂದಲೇ ಅದು ಶಿಕಾಗೋದ ಬಡ ಕಪ್ಪು ಹುಡುಗರ ಕೈಸೇರಿತು. ಶಿಕಾಗೋದಲ್ಲಿ ವೇರ್‌ಹೌಸ್ ಎಂಬ ಕ್ಲಬ್ಬು. ಅಲ್ಲಿ ಫ್ರಾಂಕಿ ನಕಲ್ಸ್ ಎಂಬ ಡಿಜೆ ಹಚ್ಚುತ್ತಿದ್ದ ಬಗೆಗೆ ಹೌಸ್ ಎಂಬ ಹೆಸರು ಬಂತು. ನಿಮಿಷಕ್ಕೆ 120ರಿಂದ 130 ಪೆಟ್ಟು, ನಾಲ್ಕಕ್ಕೆ ನಾಲ್ಕೂ ಸಮ. 1987ರಲ್ಲಿ ಫ್ಯೂಚರ್ ಎಂಬ ಶಿಕಾಗೋ ತಂಡ 303ರ ಗುಂಡಿ ತಿರುವಿ ತಿರುವಿ ಚೀರಿಸಿ ಹೊರತಂದ ರೆಕಾರ್ಡಿನಿಂದ ಆ್ಯಸಿಡ್ ಹೌಸ್ ಎಂಬ ಬಗೆ ಶುರುವಾಯಿತು ಎಂದು ಎಲ್ಲರೂ ಬರೆದರು. ಇದಕ್ಕೆ ಐದು ವರ್ಷ ಮೊದಲು, 1982ರಲ್ಲಿ, ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜೀತ್ ಸಿಂಗ್ ಅದೇ 808, ಅದೇ 303 ಇಟ್ಟುಕೊಂಡು ಹತ್ತು ಹಿಂದೂಸ್ತಾನಿ ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ಒಂದು ರೆಕಾರ್ಡ್ ಮಾಡಿದ್ದರು. ಆಗ ಯಾರೂ ಮೂಸಿ ನೋಡಲಿಲ್ಲ. 2010ರಲ್ಲಿ ಹಾಲೆಂಡಿನ ಒಂದು ಸಣ್ಣ ಕಂಪನಿ ಅದನ್ನು ಮತ್ತೆ ಅಚ್ಚು ಹಾಕಿದಾಗ ಜಗತ್ತು ಬೆರಗಾಯಿತು. ಎಪ್ಪತ್ತು ದಾಟಿದ ಮೇಲೆ ಚರಣ್‌ಜೀತ್ ಯುರೋಪಿನ ವೇದಿಕೆಗಳಲ್ಲಿ ನುಡಿಸಿದರು, 2015ರಲ್ಲಿ ತೀರಿಕೊಂಡರು. ಭೈರವ್ ರಾಗಕ್ಕೆ ಹುಡುಗ ಹುಡುಗಿಯರು ಕುಣಿಯುತ್ತಾರೆಂದು ಯಾರಾದರೂ ನಂಬುತ್ತಿದ್ದರೇ!

ನಮ್ಮ ಗಂಗಾವತಿ ತಾಲ್ಲೂಕಿನ ಕಥೆಗೆ ಬರೋಣ. ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡಿ ನಮ್ಮದೇ. ವಿದೇಶಿಯರ ಬಾಯಲ್ಲಿ ಅದು ಹಿಪ್ಪಿ ಐಲ್ಯಾಂಡ್. 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದಿಂದ ಗೋವೆಗೆ ಬಂದು ಅಂಜುನಾದಲ್ಲಿ ನೆಲೆಸಿದ ಗಿಲ್ಬರ್ಟ್ ಲೆವಿ, ಎಲ್ಲರೂ ಗೋವಾ ಗಿಲ್ ಎಂದು ಕರೆಯುತ್ತಿದ್ದವರು, ಬೆಳದಿಂಗಳ ಪಾರ್ಟಿಗಳಲ್ಲಿ ಬೆಳೆಸಿದ ಸಂಗೀತವೇ ಮುಂದೆ ಗೋವಾ ಟ್ರಾನ್ಸ್ ಎನಿಸಿತು. ಗೋವೆಯಲ್ಲಿ ತಿಂಗಳುಗಟ್ಟಲೆ ಇದ್ದವರು ಗೋಕರ್ಣ ನೋಡಿ, ಹಂಪಿಗೆ ಬಂದು, ಹೊಳೆ ದಾಟಿ ಗಡ್ಡಿಯಲ್ಲಿ ಇಳಿಯುತ್ತಿದ್ದರು. ಅವರ ಹಿಂದೆ ಆ ಸಂಗೀತವೂ ಬಂತು. ಭತ್ತದ ಗದ್ದೆಯ ಅಂಚಿನ ಗುಡಿಸಲುಗಳಲ್ಲಿ ನೆಲದ ಮೇಲೆ ಗಾದಿ ಹಾಸಿ, ಗೋಡೆಗೆ ಹೊಳೆಯುವ ಬಣ್ಣ ಬಳಿದು, ನಿಮಿಷಕ್ಕೆ ನೂರನಲವತ್ತು ಪೆಟ್ಟಿನ ಸಂಗೀತ ಹಚ್ಚಿಕೊಂಡು ಕೂರುವವರನ್ನು ನಮ್ಮ ರೈತರು ಬದುವಿನ ಮೇಲಿಂದ ನೋಡಿದ್ದಾರೆ. ಪೊಲೀಸರ ದಾಳಿ, ಗಾಂಜಾದ ಸುದ್ದಿಗಳೂ ಪತ್ರಿಕೆಯಲ್ಲಿ ಬಂದವು. ವಿಶ್ವ ಪರಂಪರೆಯ ಪ್ರದೇಶದಲ್ಲಿ ಕಟ್ಟಿದ ಅಲ್ಲಿಯ ರೆಸಾರ್ಟುಗಳು ಅಕ್ರಮ ಎಂದು 2015ರಲ್ಲಿ ಹೈಕೋರ್ಟ್ ಹೇಳಿತ್ತು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಂದಿನ ತಿಂಗಳೇ ಜೆಸಿಬಿ ಬಂತು.

ಕೋರ್ಟಿನ ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಹಂಪಿಯ ಬೆಲೆ ಯಾವ ರೆಸಾರ್ಟಿಗಿಂತಲೂ ದೊಡ್ಡದು. ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಅಷ್ಟು ವರ್ಷ ಜಗತ್ತಿನ ಒಂದು ಹೊಸ ಸಂಗೀತ ನಮ್ಮ ಗದ್ದೆಯ ಬದುವಿನಲ್ಲಿ ಮೊಳಗಿತು. ನಮ್ಮ ಹುಡುಗರು ಅಲ್ಲಿ ದೋಸೆ ಹುಯ್ದರು, ತೆಪ್ಪ ನಡೆಸಿದರು, ಬೈಕು ಬಾಡಿಗೆಗೆ ಕೊಟ್ಟರು. ಅಷ್ಟರಲ್ಲಿ ಒಬ್ಬನಾದರೂ ಆ ಯಂತ್ರದ ಮುಂದೆ ಕೂತು ಇದು ಹೇಗೆ ಮಾಡುತ್ತೀರಿ ಎಂದು ಕೇಳಿ ಕಲಿತು ಹೆಸರು ಮಾಡಿದ್ದನ್ನು ನಾನಂತೂ ಕಾಣಲಿಲ್ಲ.

ಕಲಿಯಬೇಕೆಂದರೆ ಈಗ ಗಡ್ಡಿಯವರೆಗೆ ಹೋಗಬೇಕಾಗಿಯೂ ಇಲ್ಲ. ಬೆಲ್ಜಿಯಂನ ಕಂಪನಿಯೊಂದು ಮಾಡಿರುವ ಎಫ್‌ಎಲ್ ಸ್ಟುಡಿಯೋ ಎಂಬ ತಂತ್ರಾಂಶ ನಮ್ಮ ಹುಡುಗರ ಲ್ಯಾಪ್‌ಟಾಪಿನಲ್ಲಿ ಹೇಗೂ ಇರುತ್ತದೆ, ಬಹಳ ಮಂದಿಯದು ಕದ್ದ ಪ್ರತಿ ಎಂಬುದು ಬೇರೆ ಮಾತು. ಸ್ವೀಡನ್ನಿನ ಟಿಮ್ ಬರ್ಗ್‌ಲಿಂಗ್ ಅದೇ ತಂತ್ರಾಂಶದಲ್ಲಿ ತನ್ನ ಕೋಣೆಯಲ್ಲಿ ಕೂತು ಟ್ಯೂನ್ ಕಟ್ಟಿದ. ಅವಿಚಿ ಎಂಬ ಹೆಸರಿನಿಂದ 2011ರಲ್ಲಿ ಅವನ ಒಂದು ಟ್ಯೂನ್ ಜಗತ್ತನ್ನೆಲ್ಲ ಸುತ್ತಿತು, ಆಗ ಅವನಿಗೆ ಇಪ್ಪತ್ತೆರಡು. ಹಾಲೆಂಡಿನ ಮಾರ್ಟಿನ್ ಗ್ಯಾರಿಕ್ಸ್ 2013ರಲ್ಲಿ ಹೆಸರಾದಾಗ ಹದಿನೇಳರ ಹುಡುಗ, ಅವನದೂ ಅದೇ ತಂತ್ರಾಂಶ. ಇವರಿಬ್ಬರಲ್ಲಿ ಯಾರೂ ಬಾಕ್ಸ್ ಕೊಂಡು ಮೇಲೆ ಬಂದವರಲ್ಲ. ಬಾಕ್ಸು ಯಾವ ಊರಿಗೆ ಹೋದರೂ ಬಾಡಿಗೆಗೆ ಸಿಗುತ್ತದೆ. ಟ್ಯೂನ್ ಹಿಡಿದುಕೊಂಡು ಪೆನ್‌ಡ್ರೈವ್ ಜೇಬಿಗಿಟ್ಟು ವಿಮಾನ ಹತ್ತುತ್ತಾರೆ.

ನಮ್ಮ ದೇಶದಲ್ಲಿ ಇದನ್ನು ಚೆನ್ನಾಗಿ ಅರಿತವರು ಉದ್ಯಾನ್ ಸಾಗರ್. ನ್ಯೂಕ್ಲಿಯಾ ಎಂದರೆ ಹುಡುಗರಿಗೆ ತಕ್ಷಣ ಗೊತ್ತಾಗುತ್ತದೆ. ಅಹಮದಾಬಾದಿನಲ್ಲಿ ಗೆಳೆಯರೊಡನೆ 1998ರಲ್ಲಿ ಬಂದಿಶ್ ಪ್ರಾಜೆಕ್ಟ್ ಎಂಬ ತಂಡ ಕಟ್ಟಿ, ಅದರಿಂದ ಹೊರಬಂದು, ವರ್ಷಗಟ್ಟಲೆ ಒಬ್ಬರೇ ತಡಕಾಡಿದರು. ಕೊನೆಗೆ ಅವರಿಗೆ ಸಿಕ್ಕಿದ್ದು ಬೀದಿಯ ಬ್ಯಾಂಡಿನ ಸದ್ದು, ಮೆರವಣಿಗೆಯ ತಮಟೆ, ಬಡಾವಣೆಯ ಗದ್ದಲ. 'ಬೇಸ್ ರಾಣಿ' ಎಂಬ ಆಲ್ಬಂ ಅನ್ನು 2015ರಲ್ಲಿ ಮುಂಬಯಿಯ ಗಣೇಶ ವಿಸರ್ಜನೆಯಲ್ಲೇ ಬಿಡುಗಡೆ ಮಾಡಿದರು, ಜನರಿಗೆ ಪುಕ್ಕಟೆಯಾಗಿ ಇಳಿಸಿಕೊಳ್ಳಲು ಬಿಟ್ಟರು. ಅದೇ ಸದ್ದು ಗೋವೆಯ ಸನ್‌ಬರ್ನ್‌ನಂಥ ದೊಡ್ಡ ಉತ್ಸವಗಳ ವೇದಿಕೆಗೂ ಹೋಯಿತು. 2007ರಲ್ಲಿ ಕಾಂಡೋಲಿಂ ದಂಡೆಯಲ್ಲಿ ಶುರುವಾದ ಸನ್‌ಬರ್ನ್, ವಿದೇಶಿ ಡಿಜೆಗಳನ್ನು ನಮ್ಮವರಿಗೆ ಪರಿಚಯಿಸಿದ ಜಾತ್ರೆ. ಆ ಜಾತ್ರೆಯಲ್ಲಿ ನಮ್ಮ ಓಣಿಯ ತಮಟೆಗೂ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ.

ಬೆಂಗಳೂರಿನ ದಾರಿ ಬೇರೆ. ಅಲ್ಲಿ ಕುಣಿತಕ್ಕೆ ಪೊಲೀಸರ ಲೈಸೆನ್ಸು ಬೇಕು. ಲೈವ್ ಬ್ಯಾಂಡ್, ಡಿಸ್ಕೊಥೆಕ್, ಕ್ಯಾಬರೆಗಳಿಗೆ 2005ರಲ್ಲಿ ಬಂದ ಪೊಲೀಸ್ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಆ ಬಿಗಿಯ ನಡುವೆಯೇ ರಾಹುಲ್ ಗಿರಿ, ತನ್ವಿ ರಾವ್ ಜೋಡಿ ಸಲ್ಕ್ ಸ್ಟೇಶನ್ ಎಂಬ ಹೆಸರಿನಲ್ಲಿ 2012ರಲ್ಲಿ ಆಲ್ಬಂ ತಂದರು. ಕುಣಿಸುವುದಕ್ಕಿಂತ ಕೂತು ಕೇಳಿಸುವ, ನಿಧಾನದ ಸಂಗೀತ. 2016ರಿಂದ ಎಕೋಸ್ ಆಫ್ ಅರ್ಥ್ ಎಂಬ ಉತ್ಸವ, ಬಳಸಿ ಬಿಟ್ಟ ವಸ್ತುಗಳಿಂದ ವೇದಿಕೆ ಕಟ್ಟಿ, ನಡೆದು ಬಂದಿದೆ. ಅಲ್ಲಿಯವರಿಗೆ ನಮ್ಮ ಲಾರಿಯ ಮೇಲಿನ ಸಂಗೀತ ಕೀಳು, ನಮ್ಮವರಿಗೆ ಅಲ್ಲಿಯದು ಅರ್ಥವಾಗದ ಗುಂಯ್‌ಗುಡುವಿಕೆ. ಎರಡೂ ಕಡೆ ಉಪಯೋಗಿಸುವ ಸಾಮಾನು ಒಂದೇ ಎಂಬುದನ್ನು ಇಬ್ಬರೂ ಒಪ್ಪುವುದಿಲ್ಲ.

ಲೈವ್ ಷೋ ಎಂದರೆ ಏನು ನಡೆಯುತ್ತದೆ ಎಂಬ ಕುತೂಹಲ ಹಲವರಿಗಿದೆ. ಡಿಜೆ ಗುಂಡಿ ಒತ್ತಿ ಕೈ ಎತ್ತುತ್ತಾನೆ, ಅದಕ್ಕೆ ಕೋಟಿ ಯಾಕೆ ಎಂಬ ಪ್ರಶ್ನೆ. ಕೆನಡಾದ ಜೋಯೆಲ್ ಜಿಮ್ಮರ್‌ಮನ್, ಡೆಡ್‌ಮೌಸ್ ಎಂದು ಇಲಿಯ ಮುಖವಾಡ ಹಾಕುವವರು, 2012ರಲ್ಲಿ ತಾವೆಲ್ಲ ಬಹುಪಾಲು ಪ್ಲೇ ಗುಂಡಿ ಒತ್ತುವವರೇ ಎಂದು ಬರೆದು ತಮ್ಮ ಜಾತಿಯವರ ಸಿಟ್ಟಿಗೆ ಗುರಿಯಾದರು. ಅದರಲ್ಲಿ ಅರ್ಧ ನಿಜವಿದೆ. ದೊಡ್ಡ ಉತ್ಸವದಲ್ಲಿ ಲೈಟು, ಪರದೆಯ ಚಿತ್ರ, ಬೆಂಕಿಯ ಪಿಚಕಾರಿ ಎಲ್ಲವನ್ನೂ ಹಾಡಿನ ಒಂದೊಂದು ಕ್ಷಣಕ್ಕೆ ಟೈಮ್‌ಕೋಡಿನಿಂದ ಕಟ್ಟಿಹಾಕಿರುತ್ತಾರೆ. ಡಿಜೆ ಮನಸ್ಸು ಬಂದಂತೆ ಹಾಡು ಬದಲಿಸಿದರೆ ಬೆಂಕಿ ಒಂದು ಕಡೆ, ಬೀಟು ಇನ್ನೊಂದು ಕಡೆ. ಹಾಗಾಗಿ ಅದು ಮುಂಚೆಯೇ ಹೊಂದಿಸಿದ ಆಟ. ಸಣ್ಣ ಕ್ಲಬ್ಬಿನಲ್ಲಿ, ನಮ್ಮ ಲಾರಿಯ ಮೇಲೆ, ಆಟ ಅಲ್ಲಲ್ಲೇ ಹೊಂದುತ್ತದೆ. ಜನ ಸುಸ್ತಾದರೆ ನಿಧಾನದ್ದು, ಕಾವೇರಿದರೆ ಜೋರಿನದ್ದು. ಎರಡೂ ಕಸುಬೇ. ನಮ್ಮ ಗಂಗಾವತಿ ಪ್ರಾಣೇಶ್ ಅವರ ನಗೆ ಕಾರ್ಯಕ್ರಮ ಕೇಳಿದವರಿಗೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಬರೀ ಒಂದು ಮೈಕು ಹಿಡಿದ ಅವರು ಒಂದು ನಗೆ ಮುಗಿಯುವ ಮೊದಲೇ ಇನ್ನೊಂದನ್ನು ಎಲ್ಲಿ ಬಿಡಬೇಕೆಂದು ಎದುರಿನ ಮುಖ ನೋಡಿ ತೀರ್ಮಾನಿಸುತ್ತಾರೆ.

ಬೆಳಕಿನ ಆಟದ ಮಾತು ಬಂತು. 2006ರಲ್ಲಿ ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿ ಅಮೆರಿಕದ ಕೋಚೆಲ್ಲಾ ಉತ್ಸವದಲ್ಲಿ ಹೊಳೆಯುವ ಪಿರಮಿಡ್ಡಿನೊಳಗೆ ನಿಂತು ನುಡಿಸಿದ ಮೇಲೆ, ಎಲೆಕ್ಟ್ರಾನಿಕ್ ಸಂಗೀತದ ಷೋ ಅಂದರೆ ಕಣ್ಣಿಗೂ ಹಬ್ಬ ಎಂಬ ಪದ್ಧತಿ ಬಲವಾಯಿತು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಪರದೆಯ ಹಿಂದೆ ದೀಪವಿಟ್ಟು, ಚರ್ಮದ ಗೊಂಬೆ ಆಡಿಸಿ, ಹಾಡಿ ರಾತ್ರಿಯಿಡೀ ಜನರನ್ನು ಕೂರಿಸಿದವರು. ತೊಂಬತ್ತು ದಾಟಿದ ಮೇಲೆ 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಣ್ಣದ ಬೆಳಕನ್ನು ಹಾಡಿನ ತಾಳಕ್ಕೆ ಕುಣಿಸುವ ಕೆಲಸ ನಮ್ಮ ಜಿಲ್ಲೆಗೆ ಹೊಸದೇನಲ್ಲ ಎಂದು ಹೇಳುವುದಕ್ಕಷ್ಟೇ ಈ ಮಾತು ತಂದೆ.

ಈ ಬದುಕಿಗೆ ತೆರಬೇಕಾದ ಬೆಲೆಯೂ ಇದೆ. ಅವಿಚಿಯ ಮಾತು ಹೇಳಿದೆನಲ್ಲ. ಇಂದು ಒಂದು ದೇಶ, ನಾಳೆ ಇನ್ನೊಂದು, ರಾತ್ರಿಯೆಲ್ಲ ಷೋ, ಹಗಲು ವಿಮಾನ, ನಡುವೆ ಕುಡಿತ. ಮೇದೋಜೀರಕದ ಉರಿಯೂತ ಹತ್ತಿ, 2014ರಲ್ಲಿ ಪಿತ್ತಕೋಶವನ್ನೂ ಅಪೆಂಡಿಕ್ಸನ್ನೂ ತೆಗೆಸಿಕೊಂಡ. 2016ರಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ಇನ್ನು ಷೋ ಮಾಡುವುದಿಲ್ಲ ಎಂದು ನಿಲ್ಲಿಸಿದ. 2018ರ ಏಪ್ರಿಲ್ 20ರಂದು ಒಮಾನಿನ ಮಸ್ಕತ್ತಿನಲ್ಲಿ ತೀರಿಕೊಂಡ. ಇಪ್ಪತ್ತೆಂಟೇ ವರ್ಷ. ನಮ್ಮ ಹುಡುಗರಿಗೆ ವಿಮಾನವಿಲ್ಲ, ಲಾರಿ ಇದೆ. ಮದುವೆಯ ತಿಂಗಳು, ಜಾತ್ರೆ, ಹನುಮ ಜಯಂತಿ, ಗಣೇಶನ ಹಬ್ಬ ಬಂದರೆ ಇವತ್ತು ಕಾರಟಗಿ, ನಾಳೆ ಕುಷ್ಟಗಿ, ನಾಡಿದ್ದು ಯಲಬುರ್ಗಾ. ನಿದ್ದೆ ಲಾರಿಯಲ್ಲಿ, ಊಟ ಸಿಕ್ಕಾಗ. ಆಷಾಢ ಬಂತೆಂದರೆ ಗಾಡಿ ಶೆಡ್ಡಿನಲ್ಲಿ, ಕಂತು ಮಾತ್ರ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಮೊದಲು ಹೋಗುವುದು ಕಿವಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎಂಬುದು ಕಸುಬಿನವರಿಗೆ ಹಾಕಿದ ಲೆಕ್ಕ. ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ ಮಾಡಬೇಕು. ನೂರಕ್ಕೆ ಬಂದರೆ ಹದಿನೈದು ನಿಮಿಷ. ಬಾಕ್ಸಿನ ಮುಂದೆ ನೂರು ದಾಟುವುದು ಏನೂ ಕಷ್ಟವಲ್ಲ, ಮೆರವಣಿಗೆ ಹದಿನೈದು ನಿಮಿಷಕ್ಕೆ ಮುಗಿಯುವುದೂ ಇಲ್ಲ. ಲ್ಯಾಪ್‌ಟಾಪಿನವನ ಕಿವಿಯಲ್ಲಿ ಬೆಳಿಗ್ಗೆ ಕುಂಯ್ ಎನ್ನುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ದೊಡ್ಡ ಡಿಜೆಗಳು ಕಿವಿಯ ಅಳತೆಗೆ ಮಾಡಿಸಿದ ಬಿರಡೆ ಹಾಕಿಕೊಂಡೇ ನಿಲ್ಲುತ್ತಾರೆ. ನಮ್ಮಲ್ಲಿ ಹತ್ತಿ ಇಟ್ಟುಕೊಂಡರೂ ಹೆದರುಪುಕ್ಕಲ ಎಂದು ನಗುತ್ತಾರೆ.

ಕಾನೂನಿನ ಮಾತು ಎಲ್ಲರಿಗೂ ಗೊತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕವೇ ಇಲ್ಲ. ಸರ್ಕಾರ ಬೇಕಾದರೆ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹಬ್ಬಗಳಿಗೆ ನಡುರಾತ್ರಿಯವರೆಗೆ ಬಿಡಬಹುದು. ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ಮುಂಚೆ ಶಾಂತಿ ಸಭೆ, ಡಿಜೆ ನಿಷೇಧದ ಮಾತು, ಮುಚ್ಚಳಿಕೆ, ಆಮೇಲೆ ಅದೇ ಗದ್ದಲ. ಬರೀ ನಿಷೇಧದಿಂದ ಇದು ಬಗೆಹರಿಯುವುದಿಲ್ಲ. ಬೇಸಿನ ಸ್ವಭಾವ ತಿಳಿದರೆ ಅರ್ಧ ಜಗಳ ಕಡಿಮೆಯಾದೀತು. 50 ಹರ್ಟ್ಸ್‌ನ ಬೇಸ್ ಅಲೆಯ ಉದ್ದ ಸುಮಾರು ಏಳು ಮೀಟರ್. ಅದಕ್ಕೆ ನಮ್ಮ ಮನೆಯ ಗೋಡೆ ಲೆಕ್ಕವೇ ಅಲ್ಲ. ಅಕ್ಕಿ ಗಿರಣಿಯ ತಗಡು ನಡುಗುವುದು, ತೊಟ್ಟಿಲ ಕೂಸು ಬೆಚ್ಚುವುದು ಅದಕ್ಕೇ. ಆದರೆ ಮೂರು ಬೇಸ್ ಬಾಕ್ಸಿನಲ್ಲಿ ಒಂದನ್ನು ಹಿಂದಕ್ಕೆ ತಿರುಗಿಸಿ, ಅದರ ಫೇಸ್ (ಅಲೆಯ ಏರಿಳಿತ) ಉಲ್ಟಾ ಮಾಡಿ, ಕೆಲವು ಮಿಲಿಸೆಕೆಂಡು ತಡ ಕೊಟ್ಟರೆ ಹಿಂದೆ ಹೋಗುವ ಬೇಸ್ ತಾನೇ ತಾನಾಗಿ ಬಹಳ ಕಡಿಮೆಯಾಗುತ್ತದೆ. ಕುಣಿಯುವವರ ಕಡೆ ಸದ್ದು ಹೆಚ್ಚೇನೂ ಇಳಿಯುವುದಿಲ್ಲ. ದೊಡ್ಡ ಉತ್ಸವಗಳಲ್ಲಿ ಸೌಂಡ್ ಎಂಜಿನಿಯರುಗಳು ಮಾಡುವುದು ಇದನ್ನು. ನಮ್ಮಲ್ಲಿ ಒಂದು ಬಾಕ್ಸ್ ತಿರುಗಿಸಿಟ್ಟರೆ, ಒಂದು ಬಾಕ್ಸಿನ ಬಾಡಿಗೆ ದಂಡವಾಯಿತು ಅನ್ನುತ್ತಾರೆ!

ಬಾಕ್ಸ್ ಕಂಡು ಬಾಡಿಗೆ ಕೊಡುತ್ತಾರೆ ಎಂದ ಹುಡುಗನ ಮಾತಿಗೆ ಬರುತ್ತೇನೆ. ಯಾಕೆ ಹಾಗೆ ಕೊಡುತ್ತಾರೆ? ಎಲ್ಲರ ಪೆನ್‌ಡ್ರೈವಿನಲ್ಲೂ ಇರುವುದು ಅವೇ ಹಾಡು. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಹಾಡಿದ 'ನಾ ಡ್ರೈವರಾ' ಹಿಟ್ ಆಯಿತೆಂದರೆ ಹತ್ತು ಲಾರಿಯಲ್ಲೂ ಅದೇ. ಹಾಡು ಒಂದೇ ಆದಾಗ ಹೋಲಿಸುವುದಕ್ಕೆ ಬಾಕ್ಸಿನ ಎಣಿಕೆ ಒಂದೇ ಉಳಿಯುತ್ತದೆ. ಸಾಲ ಏರುತ್ತಾ ಹೋಗುವುದೂ ಅದಕ್ಕೇ. ಯಾರಲ್ಲೂ ಇಲ್ಲದ ಒಂದು ಟ್ಯೂನ್ ಇಟ್ಟುಕೊಂಡವನು ಆ ಎಣಿಕೆಯಿಂದ ಹೊರಗೆ ನಿಲ್ಲುತ್ತಾನೆ. ಕಾಕ್ಸನ್ ಡಾಡ್ ಮಾಡಿದ್ದೂ ಅಷ್ಟೇ.

ನಮ್ಮ ಹುಡುಗರಲ್ಲಿ ಅದರ ಆಸೆ ಇಲ್ಲವೆಂದಲ್ಲ. ಯೂಟ್ಯೂಬಿಗೆ ಏರಿಸುವ ರೀಮಿಕ್ಸುಗಳನ್ನು ಕೇಳಿ ನೋಡಿ. ಹಾಡಿನ ನಡುನಡುವೆ ಗಡಸು ದನಿಯಲ್ಲಿ ಡಿಜೆ ಇಂಥವನು, ಊರು ಇಂಥದ್ದು ಎಂದು ಕೂಗಿಸಿರುತ್ತಾರೆ. ಕದಿಯಬಾರದೆಂದು ಹಾಕುವ ಮುದ್ರೆ ಅದು. ತನ್ನ ಹೆಸರು ಊರಿಗೆಲ್ಲ ಕೇಳಲಿ ಎಂಬ ಆ ಹಂಬಲ ಕಂಡರೆ ನನಗೆ ಪ್ರೀತಿ ಬರುತ್ತದೆ, ಹೆಸರು ಹಾಕಿದ್ದು ಬೇರೆಯವರ ಹಾಡಿನ ಮೇಲಲ್ಲ ಎಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅನಿಸುತ್ತದೆ. ಮದುವೆ ಮೆರವಣಿಗೆಯಲ್ಲಿ, ದೇವರ ಕಾರ್ಯದಲ್ಲಿ ಯಾರ ಹಾಡನ್ನಾದರೂ ಹಚ್ಚಬಹುದು. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೇ ಆ ವಿನಾಯಿತಿ ಇದೆ, 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮತ್ತೊಮ್ಮೆ ಅದನ್ನು ಬಿಡಿಸಿ ಹೇಳಿದೆ. ಯೂಟ್ಯೂಬಿಗೆ ಏರಿಸಿದರೆ ಆ ವಿನಾಯಿತಿ ಇಲ್ಲ. ಅಲ್ಲಿಯ ಯಂತ್ರ ಹಾಡನ್ನು ಗುರುತು ಹಿಡಿದು ಜಾಹೀರಾತಿನ ದುಡ್ಡನ್ನು ಹಾಡಿನ ಒಡೆಯನಿಗೆ ತಿರುಗಿಸುತ್ತದೆ, ಇಲ್ಲವೇ ವಿಡಿಯೋವನ್ನೇ ತೆಗೆಯುತ್ತದೆ. ಸ್ವಂತ ಟ್ಯೂನ್ ಆದರೆ ಆ ದುಡ್ಡು ನಿಮ್ಮದೇ. 2012ರ ತಿದ್ದುಪಡಿಯ ನಂತರ ಹಾಡು ಬರೆದವರಿಗೂ ರಾಗ ಕಟ್ಟಿದವರಿಗೂ ರಾಯಲ್ಟಿಯ ಹಕ್ಕು ಗಟ್ಟಿಯಾಗಿದೆ. 1969ರಿಂದ ಇರುವ ಐಪಿಆರ್‌ಎಸ್ ಎಂಬ ಸಂಸ್ಥೆಯಲ್ಲಿ ಸದಸ್ಯರಾದರೆ ಅದನ್ನು ವಸೂಲಿ ಮಾಡಿಕೊಡುತ್ತದೆ. ಗಂಗಾವತಿಯ ಹುಡುಗನಿಗೂ ಮುಂಬಯಿಯ ಸಂಗೀತ ನಿರ್ದೇಶಕನಿಗೂ ಅಲ್ಲಿ ಅರ್ಜಿ ಒಂದೇ.

ಟ್ಯೂನಿಗೆ ಸದ್ದು ಎಲ್ಲಿಂದ ತರುವುದು ಎಂದರೆ, ಓಣಿ ದಾಟುವುದೇ ಬೇಡ. ಹಲಗಿ ಬಾರಿಸುವವರು ಹುಲ್ಲು ಉರಿ ಮಾಡಿ ಚರ್ಮ ಕಾಸಿ, ತಟ್ಟಿ ನೋಡಿ, ಮತ್ತೆ ಕಾಸಿ ಶ್ರುತಿ ಹಿಡಿಯುತ್ತಾರೆ. ಕಾಸಿದ ಕೂಡಲೇ ಬರುವ ಆ ಚುರುಕು ಪೆಟ್ಟು ಇಂಟರ್ನೆಟ್ಟಿನಲ್ಲಿ ಸಿಗುವ ಯಾವ ಸ್ಯಾಂಪಲ್ಲಿನಲ್ಲೂ ಇಲ್ಲ. ಅದನ್ನು ರೆಕಾರ್ಡ್ ಮಾಡುವಾಗ ಮೊಬೈಲನ್ನು ಬಾಯಿಗೆ ಹಿಡಿದಂತೆ ಹತ್ತಿರ ಹಿಡಿದರೆ ಸದ್ದು ಹರಿದುಹೋಗುತ್ತದೆ. ಎರಡು ಮಾರು ದೂರ, ಮಗ್ಗುಲಿಗೆ ಇಟ್ಟು, ಒಂದೊಂದೇ ಪೆಟ್ಟು ಬೇರೆ ಬೇರೆ ಹೊಡೆಸಿ ತೆಗೆದುಕೊಳ್ಳಬೇಕು. ಅಂಚಿನದ್ದು ಒಂದು, ನಡುವಿನದ್ದು ಒಂದು, ಕಡ್ಡಿಯದ್ದು ಒಂದು. ಡೊಳ್ಳಿನ ಬೇಸೂ ಹಾಗೇ. ಬಾರಿಸಿದವರಿಗೆ ದುಡ್ಡು ಕೊಡಬೇಕು, ಟ್ಯೂನಿನ ಕೆಳಗೆ ಅವರ ಹೆಸರೂ ಹಾಕಬೇಕು. ಜಾನಪದದ ಹೆಸರಿನಲ್ಲಿ ಪುಕ್ಕಟೆ ಎತ್ತಿಕೊಳ್ಳುವ ಚಾಳಿ ನಮ್ಮಲ್ಲಿ ಬಹಳವಿದೆ. ನಂತರ ಕೆಲಸ ಎಫ್‌ಎಲ್ ಸ್ಟುಡಿಯೋದಲ್ಲಿ. ಅದನ್ನು ಒಂದು ಸಲ ದುಡ್ಡು ಕೊಟ್ಟು ಕೊಂಡರೆ ಮುಂದಿನ ಹೊಸ ಆವೃತ್ತಿಗಳೆಲ್ಲ ಪುಕ್ಕಟೆ; ಒಂದು ಬೇಸ್ ಬಾಕ್ಸಿನ ಬೆಲೆಗೆ ಹೋಲಿಸಿದರೆ ಸಣ್ಣ ಮೊತ್ತ. ಮೊದಲ ಹತ್ತು ಟ್ಯೂನ್ ಕೆಟ್ಟದಾಗಿಯೇ ಬರುತ್ತವೆ, ಅವನ್ನು ಯಾರಿಗೂ ಕೇಳಿಸಬೇಡಿ.

ಆ ಹುಡುಗ ಈಚೆಗೆ ಸಿಕ್ಕಾಗ ಇನ್ನೊಂದು ಪ್ರಶ್ನೆ ಇಟ್ಟ. "ಕಾಕಾ, ಟ್ಯೂನ್ ಮಾಡಿದೆ ಅಂತಿಟ್ಕೋರಿ. ಗಣಪತಿ ಮುಂದ ಹಚ್ಚಿದ್ರ ಹುಡುಗರು ಇದ್ಯಾವುದೋ, ಬಂದ್ ಮಾಡು ಅಂದ್ರ?" ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಜಗತ್ತಿನ ಎಲ್ಲ ಡಿಜೆಗಳೂ ಬಳಸುವ ಉಪಾಯ. ಹೊಸದನ್ನು ಶುರುವಿನಲ್ಲಿ ಹಚ್ಚಬೇಡ, ಕೊನೆಯಲ್ಲೂ ಬೇಡ. ಜನ ಚೆನ್ನಾಗಿ ಕಾವೇರಿದ ಹೊತ್ತಿನಲ್ಲಿ, ಗಟ್ಟಿ ಹಿಟ್ ಒಂದರ ಬೇಸ್ ಇನ್ನೂ ಇಳಿಯುವ ಮೊದಲೇ ಅದರ ಪೆಟ್ಟಿಗೆ ನಿನ್ನದನ್ನು ಕೂಡಿಸಿ ಒಳಗೆ ಬಿಡು. ಒಂದೂವರೆ ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಕಾಲು ನಿಲ್ಲುವ ಹಾಗೆ ಕಂಡರೆ ಮುಂದಿನ ಹಿಟ್ ಹೆಡ್‌ಫೋನಿನಲ್ಲಿ ತಯಾರಿರಲಿ. ಕಾಲು ನಿಲ್ಲದಿದ್ದರೆ ಯಾರಿಗೂ ಏನೂ ಹೇಳಬೇಡ, ಮರುದಿನ ಆ ಹಾಡು ಯಾವುದೆಂದು ಅವರೇ ಕೇಳಿಕೊಂಡು ಬರುತ್ತಾರೆ. ಮೈಕಿನಲ್ಲಿ ಮೊದಲೇ ಕೂಗಿ ಹೇಳಿದೆಯೋ, ಕೆಟ್ಟೆ ಅಂದೆ.